ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಮ್ಯಾನ್‌ಹಟನ್‌ನಲ್ಲಿ ಒಂದು ಬೆಡ್‌ರೂಮಿನ ಕೋ-ಆಪ್

ಹೋದ ಸಂಚಿಕೆಯಲ್ಲಿ ಒಬ್ಬ ಓದುಗರು ನ್ಯೂಯಾರ್ಕಿನ ಅಪ್ಪರ್ ಈಸ್ಟ್ ಸೈಡ್‌ನಲ್ಲಿ ಕೋ-ಆಪ್ (ಸಹಕಾರಿ ಮಾದರಿಯ) ಮನೆ ಕೊಳ್ಳಬಹುದಾ ಅಂತ ಎರಡು ಸಾಲು ಬರೆದಿದ್ದರು. ನಾನೂ ಎರಡೇ ಸಾಲಿನಲ್ಲಿ ಉತ್ತರ ಕೊಟ್ಟೆ. ಅದು ಸಾಲಲಿಲ್ಲ. ಆಮೇಲೆ ಬಂದ ಪತ್ರಗಳೆಲ್ಲ ಇದೇ ವಿಷಯದವು, ಅದಕ್ಕೆ ಈ ಸಲ ಇಡೀ ಅಂಕಣ ಇದಕ್ಕೇ ಕೊಟ್ಟಿದ್ದೇನೆ. ನಾನು ಅದೇ ಬಡಾವಣೆಯಲ್ಲಿ 2009ರಿಂದ ಒಂದು ಬೆಡ್‌ರೂಮಿನ ಕೋ-ಆಪ್‌ನಲ್ಲಿ ಇದ್ದೇನೆ. ಮನೆ ಕೊಳ್ಳಲು ಬಂದವರನ್ನು ಸಂದರ್ಶನ ಮಾಡಿ ಒಪ್ಪುವ ಇಲ್ಲವೇ ಬೇಡ ಅನ್ನುವ ನಮ್ಮ ಕಟ್ಟಡದ ಬೋರ್ಡಿನಲ್ಲೂ ನಾಲ್ಕು ವರ್ಷ ಇದ್ದೆ. ಸಂದರ್ಶನ ಕೊಟ್ಟೂ ಗೊತ್ತು, ಬೇರೆಯವರ ಸಂದರ್ಶನ ಮಾಡಿಯೂ ಗೊತ್ತು.

ಪ್ರಶ್ನೆ: ಮೇಡಂ, ಥರ್ಡ್ ಅವೆನ್ಯೂ ಹತ್ತಿರ 17ನೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಮನೆ ನೋಡಿದ್ದೇವೆ. ಬೆಲೆ 8 ಲಕ್ಷ ಡಾಲರ್. ಅದರ ಮೇಲೆ ತಿಂಗಳಿಗೆ 2,100 ಡಾಲರ್ ಮೇಂಟೆನೆನ್ಸ್. ನಮ್ಮ ಹೆಸರಿಗೆ ಕ್ರಯಪತ್ರವೂ ಆಗುವುದಿಲ್ಲವಂತೆ. ಇಷ್ಟು ದುಡ್ಡು ಸುರಿದು ಬಾಡಿಗೆಯವರ ಥರ ಇರಬೇಕಾ ಅಂತ ನಮ್ಮ ಯಜಮಾನರು ಕೇಳುತ್ತಾರೆ. ನಾನೇನು ಹೇಳಲಿ?
– ಓದುಗರು, ಜರ್ಸಿ ಸಿಟಿ

ಉತ್ತರ: ನಿಮ್ಮ ಯಜಮಾನರು ಕೇಳಿದ್ದು ಸರಿಯಾಗಿಯೇ ಇದೆ. ಕಾಗದದ ಮೇಲೆ ನೋಡಿದರೆ ನೀವು ಮನೆ ಕೊಳ್ಳುತ್ತಿಲ್ಲ. ಇಡೀ ಕಟ್ಟಡ ಒಂದು ಕಂಪನಿಯ ಹೆಸರಿನಲ್ಲಿ ಇರುತ್ತದೆ. ನೀವು ಕೊಳ್ಳುವುದು ಆ ಕಂಪನಿಯ ಷೇರುಗಳನ್ನು. ಆ ಷೇರುಗಳ ಜೊತೆಗೆ ನಿಮ್ಮ ಮನೆಗೆ ಒಂದು ಪ್ರೊಪ್ರೈಟರಿ ಲೀಸ್ ಬರುತ್ತದೆ, ಅಂದರೆ ಷೇರು ಇರುವ ತನಕ ಆ ಮನೆಯಲ್ಲಿ ಇರುವ ಹಕ್ಕು. ಯಾವ ಮನೆಗೆ ಎಷ್ಟು ಷೇರು ಅನ್ನುವುದನ್ನು ಅಳತೆ, ಮಹಡಿ, ನೋಟ ಎಲ್ಲ ನೋಡಿ ಮೊದಲೇ ಗೊತ್ತು ಮಾಡಿರುತ್ತಾರೆ. ಮೇಲಿನ ಮಹಡಿಗೆ ಸಾಮಾನ್ಯವಾಗಿ ಷೇರು ಜಾಸ್ತಿ, ಅದಕ್ಕೆ ತಕ್ಕಂತೆ ಮೇಂಟೆನೆನ್ಸೂ ಜಾಸ್ತಿ. ಮುಂಬೈಯಲ್ಲಿ ಹೌಸಿಂಗ್ ಸೊಸೈಟಿಯ ಮನೆಯಲ್ಲಿ ಇದ್ದವರಿಗೆ ಷೇರ್ ಸರ್ಟಿಫಿಕೇಟ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ.

ಆದರೆ ಬಾಡಿಗೆಯವರ ಥರ ಅಲ್ಲ. ಬೆಲೆ ಏರಿದರೆ ಲಾಭ ನಿಮ್ಮದು, ಇಳಿದರೆ ನಷ್ಟವೂ ನಿಮ್ಮದು. ಮಾರಬಹುದು, ಮಕ್ಕಳಿಗೆ ಬಿಟ್ಟು ಹೋಗಬಹುದು, ಬೋರ್ಡಿಗೆ ಯಾರು ಬರಬೇಕು ಅಂತ ಓಟು ಹಾಕಬಹುದು. ಇಲ್ಲಿ ಇದೇನೂ ಹೊಸ ವ್ಯವಸ್ಥೆ ಅಲ್ಲ. 1880ರ ದಶಕದಿಂದಲೂ ಮ್ಯಾನ್‌ಹಟನ್‌ನಲ್ಲಿ ಕೋ-ಆಪ್‌ಗಳಿವೆ. ಕಾಂಡೋಗೆ, ಅಂದರೆ ಮನೆ ನೇರವಾಗಿ ಕೊಳ್ಳುವವರ ಹೆಸರಿಗೇ ಆಗುವ ವ್ಯವಸ್ಥೆಗೆ, ನ್ಯೂಯಾರ್ಕಿನಲ್ಲಿ ಕಾನೂನು ಬಂದಿದ್ದೇ 1964ರಲ್ಲಿ. 1980ರ ದಶಕದಲ್ಲಿ ಎಷ್ಟೋ ಬಾಡಿಗೆ ಕಟ್ಟಡಗಳು ಕೋ-ಆಪ್ ಆದವು. ಅದಕ್ಕೇ ಈ ಬಡಾವಣೆಯ ಹಳೇ ಕಟ್ಟಡಗಳಲ್ಲಿ ಮನೆ ಹುಡುಕಿದರೆ ಸಿಗುವುದು ಹೆಚ್ಚಾಗಿ ಇವೇ.

ಈಗ 2,100ರ ಮಾತು. ಇದರಲ್ಲಿ ಕಟ್ಟಡದ ಆಸ್ತಿ ತೆರಿಗೆ, ಡೋರ್‌ಮನ್, ಕಟ್ಟಡ ನೋಡಿಕೊಳ್ಳುವ ಸೂಪರ್ ಮತ್ತು ಕೆಲಸದವರ ಸಂಬಳ, ಲಿಫ್ಟು, ವಿಮೆ, ಚಳಿಗಾಲದ ಹೀಟಿಂಗ್, ಬಿಸಿನೀರು ಎಲ್ಲ ಸೇರಿರುತ್ತದೆ. ಕರೆಂಟು ಸಾಮಾನ್ಯವಾಗಿ ಬೇರೆ. ಕಾಂಡೋದಲ್ಲಾದರೆ ಆಸ್ತಿ ತೆರಿಗೆಯನ್ನು ನೀವೇ ಬೇರೆ ಕಟ್ಟಬೇಕು, ಹಾಗಾಗಿ ಎರಡರ ತಿಂಗಳ ಮೊತ್ತವನ್ನು ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಮೇಂಟೆನೆನ್ಸಿನಲ್ಲಿ ಆಸ್ತಿ ತೆರಿಗೆಗೂ ಕಟ್ಟಡದ ಸಾಲದ ಬಡ್ಡಿಗೂ ಹೋಗುವ ಪಾಲನ್ನು ನಿಮ್ಮ ಆದಾಯ ತೆರಿಗೆಯಲ್ಲಿ ತೋರಿಸಬಹುದು. ಷೇರಿಗೆ ಇಷ್ಟು ಅಂತ ವರ್ಷಕ್ಕೊಮ್ಮೆ ಕಾಗದ ಬರುತ್ತದೆ.

ಕಟ್ಟಡದ ಸಾಲ ಅಂದೆ ಅಲ್ವಾ, ಅಲ್ಲಿ ಸ್ವಲ್ಪ ನಿಲ್ಲಿ. ಜನ ಹೆಚ್ಚು ನೋಡದೆ ಬಿಡುವುದು ಇದನ್ನೇ. ನೀವು ಮಾಡುವ ಸಾಲ ಬೇರೆ, ಕಟ್ಟಡದ ಕಂಪನಿ ಮಾಡಿರುವ ಸಾಲ ಬೇರೆ. ಎರಡನೆಯದನ್ನೂ ತೀರಿಸುವವರು ನೀವೇ, ನಿಮ್ಮ ಷೇರಿನ ಲೆಕ್ಕದಲ್ಲಿ. ಅದು ಹೆಚ್ಚಾಗಿ ಹತ್ತು ವರ್ಷಕ್ಕೊಮ್ಮೆ ಮುಗಿದು ಹೊಸ ಬಡ್ಡಿಗೆ ಬದಲಾಗುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಕಟ್ಟಡದ ಮೇಲೆ 1 ಕೋಟಿ ಡಾಲರ್ ಸಾಲ ಇದೆ, ಬಡ್ಡಿ ಶೇ 3.5 ಅಂತಿಟ್ಟುಕೊಳ್ಳಿ. ವರ್ಷಕ್ಕೆ 3.5 ಲಕ್ಷ. ಸಾಲ ಬದಲಾಗುವ ಹೊತ್ತಿಗೆ ಬಡ್ಡಿ ಶೇ 6.5 ಆದರೆ 6.5 ಲಕ್ಷ. ಒಟ್ಟು ಷೇರು 20,000, ನಿಮ್ಮದು 300 ಅಂದರೆ ನಿಮ್ಮ ತಲೆಗೆ ವರ್ಷಕ್ಕೆ 4,500 ಡಾಲರ್, ತಿಂಗಳಿಗೆ 375 ಜಾಸ್ತಿ. ಮನೆಯೊಳಗೆ ಒಂದು ಮೊಳೆಯೂ ಬದಲಾಗಿರುವುದಿಲ್ಲ.

ಹಾಗಾಗಿ ಅಡುಗೆಮನೆಯ ಕಲ್ಲು ಯಾವುದು, ನೆಲದ ಮರ ಯಾವುದು ಅಂತ ನೋಡುವ ಮುಂಚೆ ಕಟ್ಟಡದ ಎರಡು ವರ್ಷದ ಲೆಕ್ಕಪತ್ರ ತರಿಸಿ. ಸಾಲ ಎಷ್ಟಿದೆ, ಯಾವ ವರ್ಷ ಮುಗಿಯುತ್ತದೆ, ಮೀಸಲು ಹಣ ಎಷ್ಟಿದೆ, ಈ ಮೂರನ್ನು ನೋಡಿ. ನಿಮ್ಮ ವಕೀಲರಿಗೆ ಹೇಳಿ ಬೋರ್ಡಿನ ಸಭೆಯ ನಡಾವಳಿ ಓದಿಸಿ. ಕಟ್ಟಡ ನಿಂತಿರುವ ನೆಲ ಕಂಪನಿಯದ್ದೇನಾ ಅಂತಲೂ ಕೇಳಿ. ಕೆಲವು ಕಟ್ಟಡಗಳ ನೆಲ ಬೇರೆಯವರದ್ದಾಗಿದ್ದು ಲೀಸ್ ಮೇಲೆ ಇರುತ್ತದೆ. ಅಂಥ ಕಡೆ ಬೆಲೆ ಕಡಿಮೆ ಕಾಣುತ್ತದೆ, ಆದರೆ ನೆಲದ ಬಾಡಿಗೆ ಪರಿಷ್ಕರಣೆ ಆದ ದಿನ ಮೇಂಟೆನೆನ್ಸ್ ಎಲ್ಲಿಗೆ ಹೋಗುತ್ತದೆ ಅಂತ ಹೇಳುವುದು ಕಷ್ಟ. ನನ್ನನ್ನು ಕೇಳಿದರೆ ಅಂಥದ್ದನ್ನು ಮುಟ್ಟಬೇಡಿ.

ಪ್ರಶ್ನೆ: ಅಕ್ಕಾ, ನಾವಿಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ, ಎಚ್-1ಬಿ ವೀಸಾ. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದಾರೆ. ಆದರೆ ಬ್ರೋಕರ್ ‘ಬೋರ್ಡ್ ಪಾಸ್ ಮಾಡಬೇಕಲ್ಲ’ ಅನ್ನುತ್ತಾರೆ. ಬ್ಯಾಂಕೇ ಒಪ್ಪಿದ ಮೇಲೆ ಇವರದ್ದೇನು? ಬೇಡ ಅಂದರೆ ಕಾರಣ ಹೇಳಬೇಕಲ್ವಾ?
– ಓದುಗ ದಂಪತಿ, ಕ್ವೀನ್ಸ್

ಉತ್ತರ: ಕಾರಣ ಹೇಳಬೇಕಾಗಿಲ್ಲ. ಕೇಳಿದರೆ ಬೇಜಾರಾಗುತ್ತದೆ, ಆದರೆ ಇರುವುದು ಹೀಗೆ. ಬೋರ್ಡಿನವರ ಯೋಚನೆ ಏನೆಂದರೆ, ನೀವು ಮೇಂಟೆನೆನ್ಸ್ ಕಟ್ಟುವುದು ನಿಲ್ಲಿಸಿದರೆ ಆ ಹೊರೆ ಉಳಿದ ಮನೆಗಳ ಮೇಲೆ ಬೀಳುತ್ತದೆ. ಅದಕ್ಕೆ ಬ್ಯಾಂಕಿಗಿಂತ ಬಿಗಿಯಾಗಿ ನೋಡುತ್ತಾರೆ.

ಏನು ನೋಡುತ್ತಾರೆ ಅನ್ನುವುದನ್ನು ಮೇಲಿನ ಪತ್ರದ ಮನೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. 8 ಲಕ್ಷದ ಮನೆಗೆ ಶೇ 20 ಕೈಯಿಂದ ಹಾಕಿದರೆ 1.6 ಲಕ್ಷ. ಉಳಿದ 6.4 ಲಕ್ಷ ಸಾಲ. ಶೇ 6.5ರ ಬಡ್ಡಿಗೆ 30 ವರ್ಷ ಅಂದರೆ ಕಂತು ಸುಮಾರು 4,045. ಮೇಂಟೆನೆನ್ಸ್ ಸೇರಿ ತಿಂಗಳಿಗೆ 6,145. ಇದು ನಿಮ್ಮ ತಿಂಗಳ ಆದಾಯದ ಶೇ 25ರಿಂದ 30ರೊಳಗೆ ಇರಬೇಕು ಅಂತ ಬಹಳ ಬೋರ್ಡುಗಳು ಬಯಸುತ್ತವೆ. ಶೇ 28 ಅಂತ ಹಿಡಿದರೆ ಇಬ್ಬರದೂ ಸೇರಿ ವರ್ಷಕ್ಕೆ ಸುಮಾರು 2.63 ಲಕ್ಷ ಡಾಲರ್ ಬರಬೇಕು. ಕಾರು, ಓದಿನ ಸಾಲ ಇದ್ದರೆ ಅದನ್ನೂ ಸೇರಿಸುತ್ತಾರೆ. ಇಷ್ಟಕ್ಕೇ ಮುಗಿಯಲಿಲ್ಲ. ಮನೆ ಕೊಂಡು ಎಲ್ಲ ಖರ್ಚು ಕಳೆದ ಮೇಲೂ ಒಂದರಿಂದ ಎರಡು ವರ್ಷದ ಕಂತು ಮತ್ತು ಮೇಂಟೆನೆನ್ಸ್ ಕಟ್ಟುವಷ್ಟು ಹಣ ನಿಮ್ಮ ಕೈಯಲ್ಲಿ ಉಳಿದಿರಬೇಕು. ಎರಡು ವರ್ಷ ಅಂದರೆ ಇಲ್ಲಿ 1.47 ಲಕ್ಷ. ನಿವೃತ್ತಿಯ 401ಕೆ ಖಾತೆಯಲ್ಲಿರುವುದನ್ನು ಎಷ್ಟೋ ಬೋರ್ಡುಗಳು ಇದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶೇ 20 ಸಾಲದು, 25 ಹಾಕಿ, 50 ಹಾಕಿ ಅನ್ನುವ ಕಟ್ಟಡಗಳೂ ಅಪ್ಪರ್ ಈಸ್ಟ್ ಸೈಡ್‌ನಲ್ಲಿ ಬೇಕಾದಷ್ಟಿವೆ. ಫಿಫ್ತ್ ಅವೆನ್ಯೂ, ಪಾರ್ಕ್ ಅವೆನ್ಯೂ ಕಡೆ ಹೋದಂತೆ ಬಿಗಿ, ಪೂರ್ವದ ನದಿಯ ಕಡೆ ಬಂದಂತೆ ಸ್ವಲ್ಪ ಸಡಿಲ. ಮನೆ ನೋಡುವ ಮುಂಚೆಯೇ ಬ್ರೋಕರ್ ಹತ್ತಿರ ಈ ಸಂಖ್ಯೆಗಳನ್ನು ಕೇಳಿ ತಗೊಳ್ಳಿ. ಮನೆ ಇಷ್ಟಪಟ್ಟ ಮೇಲೆ ಕೇಳಿದರೆ ಸುಮ್ನೆ ನೋವು.

ವೀಸಾ ವಿಷಯ. ಹುಟ್ಟಿದ ದೇಶ, ಬಣ್ಣ, ಧರ್ಮ ನೋಡಿ ಬೇಡ ಅನ್ನುವ ಹಾಗಿಲ್ಲ. 1968ರ ಫೇರ್ ಹೌಸಿಂಗ್ ಕಾಯ್ದೆ ದೇಶಕ್ಕೆಲ್ಲ ಇದೆ. ನ್ಯೂಯಾರ್ಕ್ ನಗರದ ಮಾನವ ಹಕ್ಕು ಕಾನೂನಿನಲ್ಲಿ ವಲಸೆ ಮತ್ತು ಪೌರತ್ವದ ಸ್ಥಿತಿಯೂ ಸೇರಿದೆ. ಅನ್ಯಾಯ ಆಗಿದೆ ಅಂತ ಅನಿಸಿದರೆ ನಗರದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಬಹುದು. ಕಾರಣವನ್ನೇ ಹೇಳದವರ ಮೇಲೆ ಸಾಬೀತು ಮಾಡುವುದು ಸುಲಭ ಅಲ್ಲ, ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲಾರೆ. ಆದರೂ ಲೆಕ್ಕ ಗಟ್ಟಿಯಿದ್ದ ವೀಸಾದವರನ್ನು ನಾವೇ ಒಪ್ಪಿದ್ದೇವೆ.

ಬೋರ್ಡ್ ಬೇಡ ಅಂದರೆ ಒಪ್ಪಂದದ ಹೊತ್ತಿಗೆ ಕೊಟ್ಟ ಶೇ 10 ಮುಂಗಡ ನಿಮಗೆ ವಾಪಸ್ ಬರುತ್ತದೆ, ನೀವು ಪ್ರಾಮಾಣಿಕವಾಗಿ ಎಲ್ಲ ಕಾಗದ ಕೊಟ್ಟಿದ್ದರೆ. ಆದರೆ ಬ್ಯಾಂಕ್ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಮುಂಗಡ ವಾಪಸ್ ಬರಬೇಕಾದರೆ ಒಪ್ಪಂದದಲ್ಲಿ ಅದಕ್ಕೊಂದು ಷರತ್ತು ಬರೆದಿರಲೇಬೇಕು. ಇದನ್ನು ವಕೀಲರಿಗೆ ಮರೆಯದೆ ಹೇಳಿ. ಇಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಬೇರೆ ಬೇರೆ ವಕೀಲರು ಇರುವುದು ರೂಢಿ. ಕೋ-ಆಪ್ ಕೆಲಸ ಮಾಡಿ ಪಳಗಿದವರನ್ನೇ ಹಿಡಿಯಿರಿ.

ಒಂದು ಒಳ್ಳೇ ಸುದ್ದಿಯೂ ಇದೆ. ಕಾಂಡೋ ಸಾಲಕ್ಕೆ ಮಾರ್ಟ್‌ಗೇಜ್ ರೆಕಾರ್ಡಿಂಗ್ ತೆರಿಗೆ ಅಂತ ಶೇ 1.925 ಕಟ್ಟಬೇಕು, 5 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಸಾಲಕ್ಕೆ. 6.4 ಲಕ್ಷಕ್ಕೆ ಅದು 12,300 ಡಾಲರ್ ದಾಟುತ್ತದೆ. ಕೋ-ಆಪ್ ಸಾಲ ಷೇರಿನ ಮೇಲಿನ ಸಾಲ, ಅದಕ್ಕೆ ಈ ತೆರಿಗೆ ಇಲ್ಲ. ಆದರೆ ಬೆಲೆ 10 ಲಕ್ಷ ಮುಟ್ಟಿದರೆ ಮ್ಯಾನ್ಷನ್ ತೆರಿಗೆ ಶೇ 1 ಕೊಳ್ಳುವವರ ಮೇಲೆ ಬೀಳುತ್ತದೆ, ಪೂರಾ ಬೆಲೆಯ ಮೇಲೆ. ಒಂದೇ ಬೆಡ್‌ರೂಮಿನ ಮನೆಯಾದರೂ ಅದಕ್ಕೆ ಬಂಗಲೆ ತೆರಿಗೆಯೇ! 9,99,000ಕ್ಕೆ ಇಳಿಸಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ, ಎಲ್ಲರೂ ಕೇಳುತ್ತಾರೆ.

ಪ್ರಶ್ನೆ: ಮಗಳು ಕೊಳ್ಳಬೇಕೆಂದಿರುವ ಕಟ್ಟಡ ನೋಡಿಕೊಂಡು ಬಂದೆ. ಬಿಳಿ ಇಟ್ಟಿಗೆಯದು, 1962ರಲ್ಲಿ ಕಟ್ಟಿದ್ದಂತೆ. ಮುಂದೆಲ್ಲ ಸಾರುವೆ ಕಟ್ಟಿದ್ದಾರೆ, ಫುಟ್‌ಪಾತಿನ ಮೇಲೆ ಚಪ್ಪರ ಹಾಕಿದ್ದಾರೆ. ನಾನು ಪಿಡಬ್ಲ್ಯುಡಿಯಲ್ಲಿ ಇದ್ದವನು, ನನಗೆ ಯಾಕೋ ಭಯ ಆಯಿತು. ಕಟ್ಟಡ ಶಿಥಿಲವಾಗಿದೆಯಾ ಅಮ್ಮಾ?
– ನಿವೃತ್ತ ಎಂಜಿನಿಯರ್, ಮೈಸೂರು

ಉತ್ತರ: ಸರ್, ಸಾರುವೆ ಕಂಡ ಮಾತ್ರಕ್ಕೆ ಶಿಥಿಲ ಅಂತಲ್ಲ. 1979ರಲ್ಲಿ ಬ್ರಾಡ್‌ವೇಯಲ್ಲಿ ಕಟ್ಟಡವೊಂದರಿಂದ ಕಳಚಿ ಬಿದ್ದ ತುಂಡು ತಾಗಿ ಒಬ್ಬ ಕಾಲೇಜು ವಿದ್ಯಾರ್ಥಿನಿ ಸತ್ತುಹೋದಳು. ಮಾರನೇ ವರ್ಷ ನಗರ ಕಾನೂನು ತಂದಿತು. 1998ರಲ್ಲಿ ಅದನ್ನು ಬಿಗಿ ಮಾಡಿದರು, ಇಲ್ಲಿನವರು ಈಗಲೂ ಅದನ್ನು ಲೋಕಲ್ ಲಾ 11 ಅಂತಲೇ ಕರೆಯುತ್ತಾರೆ. ಆರು ಮಹಡಿಗಿಂತ ಎತ್ತರದ ಪ್ರತಿ ಕಟ್ಟಡದ ಹೊರಗೋಡೆಯನ್ನೂ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಹಾಗಾಗಿ ಊರೆಲ್ಲ ಚಪ್ಪರವೇ.

ಆದರೆ ಬಿಳಿ ಇಟ್ಟಿಗೆ ಅಂದಿರಿ, ಅಲ್ಲಿ ನಿಮ್ಮ ಕಣ್ಣು ಸರಿಯಾಗಿಯೇ ನಿಂತಿದೆ. ಥರ್ಡ್ ಅವೆನ್ಯೂ ಮೇಲೆ ಮೊದಲು ಎತ್ತರದ ಕಂಬಗಳ ಮೇಲೆ ರೈಲು ಓಡುತ್ತಿತ್ತು. 1955ರ ಮೇನಲ್ಲಿ ಅದು ನಿಂತಿತು, ಕಂಬಗಳನ್ನು ಕಿತ್ತರು, ಬೀದಿಗೆ ಬೆಳಕು ಬಂತು, ಬಿಲ್ಡರುಗಳೂ ಬಂದರು. 1961ರ ಡಿಸೆಂಬರಿನಲ್ಲಿ ಎಲ್ಲಿ ಎಷ್ಟು ಕಟ್ಟಬಹುದು ಅನ್ನುವ ಹೊಸ ವಲಯ ನಿಯಮ ಜಾರಿಗೆ ಬರುವುದಿತ್ತು, ಅದಕ್ಕಿಂತ ಮುಂಚೆ ಹಳೇ ನಿಯಮದಲ್ಲೇ ಒಪ್ಪಿಗೆ ಪಡೆಯಬೇಕು ಅಂತ ಆತುರ ಬಿದ್ದರು. 66ನೇ ಬೀದಿಯ ಮ್ಯಾನ್‌ಹಟನ್ ಹೌಸ್ 1951ರಲ್ಲಿ ತಿಳಿ ಬಣ್ಣದ ಹೊಳಪು ಇಟ್ಟಿಗೆಯಲ್ಲಿ ಮುಗಿದಿತ್ತು, ಅದು ಎಲ್ಲರಿಗೂ ಹಿಡಿಸಿತ್ತು. ಆಮೇಲೆ ಸಾಲಾಗಿ ಬಿಳಿ ಕಟ್ಟಡಗಳೇ ಎದ್ದವು. ಮಸಿ ಹಿಡಿಯಲ್ಲ, ಮಳೆ ತೊಳೆಯುತ್ತದೆ ಅಂತ ನಂಬಿದ್ದರು. ಆದದ್ದು ಬೇರೆ. ಸಂದಿಯಲ್ಲಿ ನೀರು ಇಳಿದರೆ ಮೇಲಿನ ಹೊಳಪಿನ ಲೇಪ ಅದನ್ನು ಆರಲು ಬಿಡುವುದಿಲ್ಲ. ಚಳಿಗಾಲದಲ್ಲಿ ಒಳಗೇ ಹೆಪ್ಪುಗಟ್ಟಿ ಹಿಗ್ಗಿ ಇಟ್ಟಿಗೆಯ ಮುಖವನ್ನೇ ಸೀಳುತ್ತದೆ. ಕೆಲವು ಕಟ್ಟಡಗಳು ಪೂರಾ ಹೊರಮೈ ಕಿತ್ತು ಹೊಸ ಇಟ್ಟಿಗೆ ಹಾಕಿಸಿಕೊಂಡಿವೆ.

ಅದರ ಖರ್ಚು ಯಾರದ್ದು ಅಂತ ಹೇಳಬೇಕಾಗಿಲ್ಲ. ನಮ್ಮ ಕಟ್ಟಡದಲ್ಲಿ ನಾನು ಸೇರಿ ಎರಡನೇ ವರ್ಷಕ್ಕೇ ಹೊರಗೋಡೆ ರಿಪೇರಿ ಬಂತು. 12 ಲಕ್ಷ ಡಾಲರ್. ಮೀಸಲು ಹಣ ಸಾಲಲಿಲ್ಲ, ಷೇರಿಗೆ 60 ಡಾಲರ್ ಅಂತ ಅಸೆಸ್‌ಮೆಂಟ್, ಅಂದರೆ ಮೇಂಟೆನೆನ್ಸ್ ಅಲ್ಲದೆ ವಿಶೇಷ ವಂತಿಗೆ, ಹಾಕಿದರು. ನನ್ನ 300 ಷೇರಿಗೆ 18,000. ಆ ವರ್ಷ ಊರಿಗೆ ಹೋಗಲಾಗಲಿಲ್ಲ, ತಮ್ಮನ ಮದುವೆಯನ್ನು ಫೋನಿನಲ್ಲಿ ನೋಡಿದೆ. ನಾನು ಕೊಳ್ಳುವ ಒಂದು ವರ್ಷ ಮುಂಚಿನ ನಡಾವಳಿಯಲ್ಲೇ ಆ ರಿಪೇರಿಯ ಮಾತು ಬಂದಿತ್ತು. ಅದನ್ನು ಯಾರೂ ನನಗಾಗಿ ಓದಿರಲಿಲ್ಲ, ಓದಬೇಕು ಅಂತ ನನಗೂ ಗೊತ್ತಿರಲಿಲ್ಲ. ಮೊದಲ ಪತ್ರಕ್ಕೆ ಅಷ್ಟು ಒತ್ತಿ ಹೇಳಿದ್ದು ಅದಕ್ಕೇ.

ನಿಮ್ಮ ಮಗಳ ವಕೀಲರು ಕೇಳಬೇಕಾದ್ದು ಇಷ್ಟು: ಈ ಸುತ್ತಿನ ಪರೀಕ್ಷೆಯ ವರದಿ ಏನು ಹೇಳುತ್ತದೆ, ಕೆಲಸ ಎಷ್ಟು ಮುಗಿದಿದೆ, ದುಡ್ಡು ಹೊಂದಿಸಿ ಆಗಿದೆಯಾ, ಇನ್ನು ಉಳಿದ ಅಸೆಸ್‌ಮೆಂಟನ್ನು ಮಾರುವವರು ಕಟ್ಟುತ್ತಾರಾ. ಹೊಸ ಇಟ್ಟಿಗೆ ಹಾಕಿ ದುಡ್ಡೂ ಕಟ್ಟಿ ಮುಗಿದಿರುವ ಬಿಳಿ ಕಟ್ಟಡ ಸಿಕ್ಕರೆ ನಾನಾದರೆ ಖುಷಿಯಿಂದ ಕೊಳ್ಳುತ್ತೇನೆ. ಇನ್ನೊಂದು ವಿಷಯ, ಹೀಟಿಂಗ್ ಬಾಯ್ಲರ್ ಯಾವುದು ಅಂತಲೂ ಕೇಳಿಸಿ. 2019ರ ಲೋಕಲ್ ಲಾ 97 ಪ್ರಕಾರ 25,000 ಚದರ ಅಡಿ ದಾಟಿದ ಕಟ್ಟಡಗಳಿಂದ ಹೊರಬೀಳುವ ಇಂಗಾಲಕ್ಕೆ ಮಿತಿ ಇದೆ. 2024ರಿಂದ ಜಾರಿ ಆಗಿದೆ, 2030ರಿಂದ ಇನ್ನೂ ಬಿಗಿ. ಮಿತಿ ಮೀರಿದರೆ ಟನ್ನಿಗೆ 268 ಡಾಲರ್ ದಂಡ. ಎಣ್ಣೆ ಸುಡುವ ಹಳೇ ಬಾಯ್ಲರ್ ಇದ್ದರೆ ಮುಂದೆ ಖರ್ಚು ಇದೆ ಅಂತಲೇ ಅರ್ಥ.

ಪ್ರಶ್ನೆ: ಮುಂಗಡಕ್ಕೆ ಬೆಂಗಳೂರಿನಲ್ಲಿ ಅಪ್ಪ ಸೈಟು ಮಾರಿ ದುಡ್ಡು ಕಳಿಸುತ್ತೇನೆ ಅಂತಿದ್ದಾರೆ. ಸುಮಾರು 3 ಲಕ್ಷ ಡಾಲರ್. ಬೋರ್ಡಿನವರು ಒಪ್ಪುತ್ತಾರಾ? ಇಲ್ಲಿ ತೆರಿಗೆ ಬೀಳುತ್ತಾ?
– ಓದುಗರು, ಬ್ರೂಕ್ಲಿನ್

ಉತ್ತರ: ಭಾರತದಿಂದ ಹೊರದೇಶಕ್ಕೆ ದುಡ್ಡು ಕಳಿಸುವುದಕ್ಕಿರುವ ಎಲ್‌ಆರ್‌ಎಸ್ ನಿಯಮದಲ್ಲಿ ಒಬ್ಬರು ಒಂದು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಮಾತ್ರ ಕಳಿಸಬಹುದು. ಮಾರ್ಚಿಗೆ ಮುಂಚೆ ಸ್ವಲ್ಪ, ಏಪ್ರಿಲ್ ಆದ ಮೇಲೆ ಸ್ವಲ್ಪ ಕಳಿಸಿದರೆ ಆಗುತ್ತದೆ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಮೊದಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. ಅದನ್ನು ಅಪ್ಪ ತಮ್ಮ ರಿಟರ್ನಿನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯ ತನಕ ಅಷ್ಟು ದುಡ್ಡು ಸಿಕ್ಕಿಕೊಂಡಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಲ್ಲಿ ನಿಮಗೆ ತೆರಿಗೆ ಇಲ್ಲ. ಆದರೆ ತೆರಿಗೆಯ ಲೆಕ್ಕದಲ್ಲಿ ನೀವು ಇಲ್ಲಿನವರಾಗಿದ್ದು ವರ್ಷದಲ್ಲಿ 1 ಲಕ್ಷ ಡಾಲರ್ ದಾಟಿದ ಉಡುಗೊರೆ ಹೊರದೇಶದಿಂದ ಬಂದರೆ ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 3520 ತುಂಬಲೇಬೇಕು. ತೆರಿಗೆ ಇಲ್ಲ ಅಂತ ಇದನ್ನು ಬಿಟ್ಟವರಿಗೆ ದೊಡ್ಡ ದಂಡ ಬೀಳುತ್ತದೆ.

ಬೋರ್ಡಿನ ಮಾತು ಬೇರೆ. ಮುಂಗಡ ಪೂರಾ ಉಡುಗೊರೆಯದ್ದೇ ಆದರೆ ಕೆಲವರಿಗೆ ಹಿಡಿಸುವುದಿಲ್ಲ. ದುಡ್ಡನ್ನು ಆದಷ್ಟು ಬೇಗ ತರಿಸಿ ನಿಮ್ಮ ಖಾತೆಯಲ್ಲಿ ಕೆಲವು ತಿಂಗಳು ಇಟ್ಟಿರಿ. ಸೈಟಿನ ಕ್ರಯಪತ್ರ, ಬ್ಯಾಂಕ್ ವರ್ಗಾವಣೆಯ ಕಾಗದ, ವಾಪಸ್ ಕೊಡಬೇಕಾಗಿಲ್ಲ ಅಂತ ಅಪ್ಪ ಬರೆದ ಪತ್ರ, ಎಲ್ಲ ಜೊತೆಗಿರಲಿ. ಕ್ರಯಪತ್ರ ಕನ್ನಡದಲ್ಲಿದ್ದರೆ ಅನುವಾದವನ್ನೂ ಸೇರಿಸಿ. ಒಂದು ಮಾತು, ಅಪ್ಪ ಅಮ್ಮನ ಮುಪ್ಪಿಗೆ ಏನು ಉಳಿಯುತ್ತದೆ ಅಂತ ಕೇಳಿಕೊಂಡೇ ಈ ಹೆಜ್ಜೆ ಇಡಿ.

ಪ್ರಶ್ನೆ: ಬೋರ್ಡ್ ಸಂದರ್ಶನದಲ್ಲಿ ಏನು ಕೇಳುತ್ತಾರೆ? ನನಗೆ ಈಗಲೇ ಕೈಕಾಲು ನಡುಗುತ್ತಿದೆ.
– ಹೆಸರು ಬೇಡ

ಉತ್ತರ: ಸಂದರ್ಶನಕ್ಕೆ ಕರೆದರು ಅಂದರೆ ಹೆಚ್ಚಿನ ಕಡೆ ನಿಮ್ಮ ಕಾಗದಗಳು ಒಪ್ಪಿಗೆ ಆಗಿವೆ ಅಂತಲೇ ಅರ್ಥ. ನಿಜವಾದ ಪರೀಕ್ಷೆ ಆ ಕಾಗದದ ಕಟ್ಟು. ಎರಡು ವರ್ಷದ ತೆರಿಗೆ ರಿಟರ್ನು, ಬ್ಯಾಂಕ್ ಲೆಕ್ಕ, ಆಫೀಸಿನ ಪತ್ರ, ಈಗಿನ ಮನೆ ಮಾಲೀಕರ ಪತ್ರ, ನಿಮ್ಮನ್ನು ಬಲ್ಲವರು ಬರೆದ ನಾಲ್ಕೈದು ಪತ್ರ. ಒಂದು ಕಾಗದದ ಮೊತ್ತಕ್ಕೂ ಇನ್ನೊಂದಕ್ಕೂ ತಾಳೆ ಆಗದಿದ್ದರೆ ಬೋರ್ಡಿನವರಿಗೆ ಸಂಶಯ ಬರುತ್ತದೆ. ನಾನೇ ಎಷ್ಟೋ ರಾತ್ರಿ ಕ್ಯಾಲ್ಕ್ಯುಲೇಟರ್ ಹಿಡಿದು ಕೂತಿದ್ದೇನೆ.

ಸಂದರ್ಶನ ಇಪ್ಪತ್ತು ಮೂವತ್ತು ನಿಮಿಷ, ಈಗ ಎಷ್ಟೋ ಕಡೆ ವಿಡಿಯೋದಲ್ಲೇ ಮುಗಿಯುತ್ತದೆ. ಏನು ಕೆಲಸ, ಯಾಕೆ ಈ ಕಟ್ಟಡ, ಮನೆಯಿಂದಲೇ ಕೆಲಸ ಮಾಡುತ್ತೀರಾ, ವಾದ್ಯ ನುಡಿಸುತ್ತೀರಾ, ನಾಯಿ ಇದೆಯಾ, ಇಂಥವೇ. ಕೇಳಿದ್ದಕ್ಕೆ ಸತ್ಯ ಹೇಳಿ, ಚಿಕ್ಕದಾಗಿ ಹೇಳಿ. ಗಂಡ ಹೆಂಡತಿ ಇಬ್ಬರೂ ಇದ್ದರೆ ಹಣದ ಪ್ರಶ್ನೆಗೆ ಯಾರು ಉತ್ತರ ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಗೋಡೆ ಒಡೆಯುತ್ತೇವೆ, ಬಚ್ಚಲು ಬದಲಾಯಿಸುತ್ತೇವೆ ಅನ್ನುವ ಯೋಜನೆಯನ್ನು ನೀವಾಗಿ ತೆಗೆಯಬೇಡಿ. ನೀವು ವೀಣೆ ನುಡಿಸುವವರಾದರೆ ಮುಚ್ಚಿಡಬೇಡಿ, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನ ತನಕ ಅಂತ ಹೇಳಿ. ಒಪ್ಪಂದಕ್ಕೆ ಸಹಿ ಮಾಡಿದಾಗಿನಿಂದ ಬೀಗದ ಕೈ ಸಿಗುವ ತನಕ ಎರಡು ಮೂರು ತಿಂಗಳು ಹಿಡಿಯುತ್ತದೆ, ಈಗಿನ ಬಾಡಿಗೆ ಮನೆಯನ್ನು ಆತುರದಲ್ಲಿ ಬಿಡಬೇಡಿ.

ಪ್ರಶ್ನೆ: ಎರಡು ಮೂರು ವರ್ಷ ಇದ್ದು ಆಮೇಲೆ ಬಾಡಿಗೆಗೆ ಕೊಟ್ಟು ನ್ಯೂಜೆರ್ಸಿಗೆ ಹೋಗೋಣ ಅಂತಿದ್ದೇವೆ.
– ಓದುಗರು, ಮ್ಯಾನ್‌ಹಟನ್

ಉತ್ತರ: ಹಾಗಿದ್ದರೆ ಕೋ-ಆಪ್ ಬೇಡ, ಕಾಂಡೋ ನೋಡಿ. ಕೋ-ಆಪ್‌ಗಳಲ್ಲಿ ಮೊದಲ ಎರಡು ವರ್ಷ ನೀವೇ ಇರಬೇಕು, ಆಮೇಲೆ ಐದು ವರ್ಷದಲ್ಲಿ ಎರಡು ವರ್ಷ ಮಾತ್ರ ಬಾಡಿಗೆಗೆ ಕೊಡಬಹುದು, ಬಾಡಿಗೆಯವರನ್ನೂ ಬೋರ್ಡ್ ಒಪ್ಪಬೇಕು, ಇಂಥ ನಿಯಮಗಳು ಸಾಮಾನ್ಯ. ಒಂದೊಂದು ಕಡೆ ಪೂರಾ ನಿಷೇಧ. ಮಾರುವಾಗ ಫ್ಲಿಪ್ ಟ್ಯಾಕ್ಸ್ ಅಂತ ಕಟ್ಟಡಕ್ಕೆ ಬೆಲೆಯ ಶೇ 1ರಿಂದ 3ರ ತನಕ ಕೊಡಬೇಕಾಗಬಹುದು.

ಪ್ರಶ್ನೆ: ಮಗು ಬರುತ್ತಿದೆ. ನಾವು ನೋಡಿದ ಮನೆಯಲ್ಲಿ ಹಾಲಿನ ಪಕ್ಕ ಊಟದ ಮೂಲೆ ಇದೆ, ಅದನ್ನು ಗೋಡೆ ಹಾಕಿ ಕೋಣೆ ಮಾಡಬಹುದಾ? ಮಲಗುವ ಕೋಣೆಯ ಒಂದು ಕಿಟಕಿಯಿಂದ ನದಿ ಕಾಣುತ್ತದೆ, ತುಂಬ ಇಷ್ಟವಾಯಿತು.
– ಓದುಗರು, ಹಾರ್ಲೆಮ್

ಉತ್ತರ: ಮೊದಲಿಗೆ ಶುಭಾಶಯ. ಇಂಥ ಮನೆಯನ್ನು ಬ್ರೋಕರುಗಳು ಜೂನಿಯರ್ ಫೋರ್ ಅನ್ನುತ್ತಾರೆ. ಆ ಮೂಲೆಗೆ ಅದರದ್ದೇ ಕಿಟಕಿ ಇರಬೇಕು, 80 ಚದರ ಅಡಿ ಇರಬೇಕು, ಯಾವ ಕಡೆಯೂ 8 ಅಡಿಗಿಂತ ಕಡಿಮೆ ಇರಬಾರದು. ಆಗ ಮಾತ್ರ ಕಾನೂನಿನ ಲೆಕ್ಕದಲ್ಲಿ ಅದು ಮಲಗುವ ಕೋಣೆ. ಗೋಡೆ ಹಾಕಲು ಬೋರ್ಡಿನ ಒಪ್ಪಿಗೆಯೂ ಬೇಕು. ನೆಲದ ಶೇ 80ರಷ್ಟು ಜಾಗಕ್ಕೆ ಕಾರ್ಪೆಟ್ ಹಾಸಬೇಕು ಅನ್ನುವ ನಿಯಮ ಬಹಳ ಕಟ್ಟಡಗಳಲ್ಲಿದೆ, ಅಂಬೆಗಾಲಿಡುವ ಮಗುವಿಗೆ ಅದು ಒಳ್ಳೆಯದೇ. ಹತ್ತು ವರ್ಷದ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿದ್ದರೆ ಕಿಟಕಿಗಳಿಗೆ ಕಂಬಿ ಹಾಕಿಸಲೇಬೇಕು, ಇದು ನಗರದ ಕಾನೂನು. ಮಗು ಹುಟ್ಟುವ ತನಕ ಕಾಯಬೇಡಿ.

ಆ ನದಿಯ ಕಿಟಕಿ ಮಾತ್ರ ನೋಡಿಕೊಳ್ಳಿ. ಕಟ್ಟಡದ ಗೋಡೆ ಪಕ್ಕದ ನಿವೇಶನದ ಗಡಿಯ ಮೇಲೇ ಇದ್ದು ಕಿಟಕಿ ಅಲ್ಲಿದ್ದರೆ ಅದಕ್ಕೆ ಲಾಟ್ ಲೈನ್ ಕಿಟಕಿ ಅನ್ನುತ್ತಾರೆ. ಪಕ್ಕದವರು ಎತ್ತರ ಕಟ್ಟಿದ ದಿನ ಅದನ್ನು ಇಟ್ಟಿಗೆಯಿಂದ ಮುಚ್ಚಬೇಕಾಗುತ್ತದೆ. ನ್ಯೂಯಾರ್ಕಿನಲ್ಲಿ ನೋಟಕ್ಕೆ ಹಕ್ಕು ಅನ್ನುವುದು ಇಲ್ಲ. 2017ರ ಜನವರಿ 1ಕ್ಕೆ ಸೆಕೆಂಡ್ ಅವೆನ್ಯೂ ಸಬ್‌ವೇ 72, 86, 96ನೇ ಬೀದಿಗಳಿಗೆ ಬಂದ ಮೇಲೆ ಆ ಕಡೆ ಹಳೇ ನಾಲ್ಕೈದು ಮಹಡಿಯ ಮನೆಗಳನ್ನು ಕೆಡವಿ ಕಟ್ಟುವುದು ನಡೆದೇ ಇದೆ. ಪಕ್ಕದಲ್ಲಿ ಈಗ ಏನಿದೆ ಅಂತ ಕೆಳಗಿಳಿದು ನೋಡಿ ಬನ್ನಿ.

ಪ್ರಶ್ನೆ: ಅಕ್ಕಾ, ಮನೆ ಕೊಂಡು ಎಂಟು ತಿಂಗಳಾಯಿತು. ಈಗ ಅತ್ತೆ ಮಾವ ಬಂದು ಆರು ತಿಂಗಳು ಇರುತ್ತಾರೆ. ಬೋರ್ಡಿಗೆ ಹೇಳಬೇಕಾ? ಮತ್ತೆ ಹೋದ ವಾರ ಒಗ್ಗರಣೆ ವಾಸನೆ ಬರುತ್ತದೆ ಅಂತ ಪಕ್ಕದ ಮನೆಯವರು ಮ್ಯಾನೇಜರ್‌ಗೆ ಇಮೇಲ್ ಹಾಕಿದ್ದಾರೆ. ನನಗೆ ಅಳುವೇ ಬಂತು. ನಮ್ಮ ಮನೆಯಲ್ಲಿ ನಾವು ಅಡುಗೆ ಮಾಡಬಾರದಾ?
– ಓದುಗರು, ಅಪ್ಪರ್ ಈಸ್ಟ್ ಸೈಡ್

ಉತ್ತರ: ಅಳಬೇಡಿ. ನನಗೂ ಹೀಗಾಗಿದೆ, ಸಾರಿಗೆ ಇಂಗು ಹಾಕಲು ಕೈ ಹಿಂಜರಿಯುತ್ತಿತ್ತು.

ಅತ್ತೆ ಮಾವ ನೀವಿರುವಾಗ ನಿಮ್ಮ ಜೊತೆ ಇರುವುದಕ್ಕೆ ಸಾಮಾನ್ಯವಾಗಿ ಯಾರ ಅಡ್ಡಿಯೂ ಇರುವುದಿಲ್ಲ. ನೀವಿಲ್ಲದಾಗ ಅವರು ಮಾತ್ರ ಇದ್ದರೆ ಕೆಲವು ಕಟ್ಟಡಗಳಿಗೆ ಬರೆದು ತಿಳಿಸಬೇಕು, ನಿಮ್ಮ ಲೀಸ್‌ನಲ್ಲಿ ಅತಿಥಿಗಳ ಬಗ್ಗೆ ಏನಿದೆ ಅಂತ ನೋಡಿ. ಡೋರ್‌ಮನ್‌ಗೆ ಮಾತ್ರ ಮೊದಲ ದಿನವೇ ಪರಿಚಯ ಮಾಡಿಸಿ. ಮಾವ ಬೆಳಗಿನ ವಾಕಿಂಗ್ ಹೋಗಿ ಬರುವಾಗ ಅವರ ಹೆಸರು ಹಿಡಿದು ಮಾತಾಡಿಸುವವರು ಒಬ್ಬರು ಇರುತ್ತಾರೆ. ಪರದೇಶದಲ್ಲಿ ಅದಕ್ಕಿಂತ ಏನು ಬೇಕು? ಚಳಿಗಾಲಕ್ಕೆ ಬರುವುದಾದರೆ ಇದೂ ಗೊತ್ತಿರಲಿ: ಅಕ್ಟೋಬರ್ 1ರಿಂದ ಮೇ 31ರ ತನಕ ಹಗಲು ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಮನೆಯೊಳಗೆ 68 ಇರಬೇಕು, ರಾತ್ರಿ 62. ಇಲ್ಲದಿದ್ದರೆ ಸೂಪರ್‌ಗೆ ಹೇಳಿ.

ಇನ್ನು ಒಗ್ಗರಣೆ. ಅಡುಗೆ ಮಾಡುವುದು ನಿಮ್ಮ ಹಕ್ಕು, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಪಕ್ಕದವರ ಮನೆಗೆ ವಾಸನೆ ಹೋಗುತ್ತಿದೆ ಅಂದರೆ ಗಾಳಿ ಹೋಗಬೇಕಾದ ದಾರಿಯಲ್ಲಿ ಹೋಗುತ್ತಿಲ್ಲ ಅಂತ ಅರ್ಥ. 1960ರ ದಶಕದ ಕಟ್ಟಡಗಳಲ್ಲಿ ಎಷ್ಟೋ ಅಡುಗೆಮನೆಗಳಿಗೆ ಕಿಟಕಿಯೇ ಇಲ್ಲ. ಗೋಡೆಯಲ್ಲಿ ಒಂದು ಜಾಲರಿ, ಅದರ ಹಿಂದೆ ಎಲ್ಲ ಮಹಡಿಗೂ ಸೇರಿದ ಕೊಳವೆ, ಮೇಲೆ ಚಾವಣಿಯಲ್ಲಿ ಒಂದು ಫ್ಯಾನ್. ಒಲೆಯ ಮೇಲಿನ ಹುಡ್ ಸುಮ್ನೆ ಗಾಳಿಯನ್ನು ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಅದನ್ನು ನೀವಾಗಿ ಆ ಕೊಳವೆಗೆ ಜೋಡಿಸಬೇಡಿ, ಹೊಗೆ ಬೇರೆಯವರ ಮನೆಗೆ ನುಗ್ಗುತ್ತದೆ, ಹೆಚ್ಚಿನ ಕಟ್ಟಡಗಳಲ್ಲಿ ಅದಕ್ಕೆ ಅನುಮತಿಯೂ ಇಲ್ಲ. ಹುಡ್‌ನ ಫಿಲ್ಟರ್ ತೊಳೆಯಿರಿ, ಇದ್ದಿಲಿನ ಫಿಲ್ಟರ್ ಇದ್ದರೆ ಹೊಸದು ಹಾಕಿ. ಹೊರಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಕಾರಿಡಾರಿಗೆ ವಾಸನೆ ಹೋಗುವುದು ಹೆಚ್ಚಾಗಿ ಅಲ್ಲಿಂದಲೇ. ಸಾಸಿವೆ ಸಿಡಿಸುವಾಗ ಹಾಲಿನ ಕಿಟಕಿ ಎರಡು ಬೆರಳಷ್ಟು ತೆಗೆದಿಡಿ.

ಆಮೇಲೆ ಒಂದು ತೆಳು ಕಾಗದದ ಚೂರನ್ನು ಆ ಜಾಲರಿಗೆ ಹಿಡಿದು ಕೈ ಬಿಡಿ. ಅಂಟಿಕೊಂಡು ನಿಂತರೆ ಮೇಲಿನ ಫ್ಯಾನ್ ಎಳೆಯುತ್ತಿದೆ. ಕೆಳಗೆ ಬಿದ್ದರೆ ಫ್ಯಾನ್ ನಿಂತಿದೆ, ಇಲ್ಲವೇ ಕೊಳವೆ ಕಟ್ಟಿದೆ. ಅದರ ವಿಡಿಯೋ ಮಾಡಿ, ಪಕ್ಕದವರ ಇಮೇಲ್‌ಗೆ ಉತ್ತರವಾಗಿ ಮ್ಯಾನೇಜರ್‌ಗೆ ಅದನ್ನೇ ಕಳಿಸಿ. ಆ ಫ್ಯಾನು, ಆ ಕೊಳವೆ ಎರಡೂ ಕಟ್ಟಡದ್ದು, ಸರಿ ಮಾಡಿಸುವ ಖರ್ಚೂ ಕಟ್ಟಡದ್ದೇ.